ಗಾಲಿಕುರ್ಚಿಯ ಓಟವೂ ನಮ್ಮೂರ ಮೆಟ್ಟಿಲುಗಳೂ

1988ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ದಕ್ಷಿಣ ಕೊರಿಯದ ರಾಜಧಾನಿಯಾದ ಸೋಲ್ ನಗರದಲ್ಲಿ ಅಂಗವಿಕಲರ ಅಂತರರಾಷ್ಟ್ರೀಯ ಕ್ರೀಡಾಕೂಟವು, ಎಂದರೆ ಪ್ಯಾರಾಲಿಂಪಿಕ್ ಕೂಟವು, ಜರುಗಿತು. ಕೆಲವು ವಾರಗಳ ಹಿಂದೆಯಷ್ಟೇ ಒಲಿಂಪಿಕ್ ಪಂದ್ಯಗಳು ನಡೆದಿದ್ದ ಕ್ರೀಡಾಂಗಣದಲ್ಲಿಯೇ ಸುಮಾರು 60 ದೇಶಗಳ 3,000ದಷ್ಟು ಸ್ಪರ್ಧಾಳುಗಳು ನೆರೆದಿದ್ದರು. ಆ ಸಮುದಾಯದೊಳಗಿಂದ ಇಬ್ಬರು ಮಹಿಳೆಯರ ಹೆಸರುಗಳನ್ನು ಇಲ್ಲಿ ಒಟ್ಟಿಗೆ ಎತ್ತಿಕೊಳ್ಳಲು ಕಾರಣವುಂಟು. ಒಬ್ಬರು ವೇಲ್ಸ್ ದೇಶದ ಕಾರ್ಡಿಫ್ ನಗರದ ಟ್ಯಾನಿ ಗ್ರೇ. ಬೆನ್ನೆಲುಬಿನ ಹುಟ್ಟುದೋಷದಿಂದಾಗಿ ಎಳೆತನದಲ್ಲಿಯೇ ಗಾಲಿಕುರ್ಚಿಯನ್ನು ಹಿಡಿದ 19 ವರ್ಷದ ತರುಣಿ. ಇನ್ನೊಬ್ಬರು ನಮ್ಮ ಬೆಂಗಳೂರಿನ ಮಾಲತಿ ಕೃಷ್ಣಮೂರ್ತಿ ಹೊಳ್ಳರು; ಅವರಿಗಾಗ 30 ವರ್ಷ. ಟ್ಯಾನಿ ಗ್ರೇಯವರು ಅಲ್ಲಿ 400 ಮೀಟರ್ ಓಟದಲ್ಲಿ ಕಂಚಿನ ಪದಕವನ್ನು ಪಡೆದರು. 2004ರವರೆಗಿನ ಐದು ಕೂಟಗಳಲ್ಲಿ ಅವರು ಗಳಿಸಿದ ಪದಕಗಳು 16, ಅವುಗಳಲ್ಲಿ ಚಿನ್ನದವು 11. ಮಾಲತಿ ಹೊಳ್ಳರೂ ಸೋಲ್‌ಗೆ ನಿಲ್ಲಲಿಲ್ಲ. 1992ರಲ್ಲಿ ಬಾರ್ಸಿಲೋನಕ್ಕೆ, 2004ರಲ್ಲಿ ಅಥೆನ್ಸಿಗೆ, 2008ರಲ್ಲಿ ಬೀಜಿಂಗಿಗೆ, ಹೀಗೆ ನಾಲ್ಕು ಪ್ಯಾರಾಲಿಂಪಿಕ್ ಕೂಟಗಳಲ್ಲಿ ದೇಶದ ಹೆಸರನ್ನು ಹೊತ್ತು ನಿಂತರು. ಆದರೆ ಆ ಕೂಟಗಳ ಪದಕವು ಅವರ ಕೈಗೆ ಬರಲಿಲ್ಲ.

ಇಬ್ಬರಲ್ಲಿ ಯಾರ ಕೆಚ್ಚು ಹೆಚ್ಚಿನದೆಂದು ತೂಗುವ ತಕ್ಕಡಿ ಯಾರಲ್ಲಿಯೂ ಇಲ್ಲ. ಆದರೆ ಇಬ್ಬರ ಬೆನ್ನ ಹಿಂದಿದ್ದ ಊರನ್ನೂ ದೇಶವನ್ನೂ ತೂಗಿ ನೋಡಲು ಬರುತ್ತದೆ. ವಾಚಕರನ್ನು ಆ ಕೆಲಸಕ್ಕೆ ಕರೆಯುವುದೇ ನಮ್ಮ ಇಂದಿನ ಉದ್ದೇಶವು.

ಮೊದಲು ನಮ್ಮವರ ಸಂಗತಿ. ಮಾಲತಿ ಹೊಳ್ಳರು ಬೆಂಗಳೂರಿನಲ್ಲಿ ಹುಟ್ಟಿದ್ದು 1958ನೆಯ ಇಸವಿ ಜುಲೈ 6ರಂದು. ತಂದೆಯವರು ಸಣ್ಣದೊಂದು ಹೋಟೆಲನ್ನು ನಡೆಯಿಸುತ್ತಿದ್ದರು. ಮಗುವಿಗೆ 14 ತಿಂಗಳಾಗಿದ್ದಾಗ ಬಂದ ಜ್ವರವೊಂದು ಇಡೀ ದೇಹದ ಸ್ವಾಧೀನವನ್ನೇ ತಪ್ಪಿಸಿಬಿಟ್ಟಿತು. ಎರಡು ವರ್ಷಕ್ಕೂ ಮಿಕ್ಕಿ ವಿದ್ಯುಚ್ಚಿಕಿತ್ಸೆ ನಡೆದ ಮೇಲೆ ಮೇಲ್ಭಾಗಕ್ಕೆ ಶಕ್ತಿಯು ಮರಳಿತು. ಸೊಂಟದಿಂದ ಕೆಳಗೆ ಮರಳಲಿಲ್ಲ. ಅನಂತರ ಮದರಾಸಿನ ಈಶ್ವರಿ ಪ್ರಸಾದ್ ದತ್ತಾತ್ರೇಯ ಮೂಳೆಚಿಕಿತ್ಸಾ ಕೇಂದ್ರದಲ್ಲಿ 15 ವರ್ಷಗಳ ವಾಸ. ಇದುವರೆಗೆ ಅವರ ದೇಹವು ಸಹಿಸಿಕೊಂಡಿರುವ ಶಸ್ತ್ರಕ್ರಿಯೆಗಳು 30ಕ್ಕೂ ಹೆಚ್ಚು. ಹಿತ್ತಲಿನಲ್ಲಿ ಬಿದ್ದ ಮಾವಿನಹಣ್ಣನ್ನು ಎಲ್ಲರಿಗಿಂತ ಮೊದಲು ಓಡಿಹೋಗಿ ಎತ್ತಿಕೊಳ್ಳಬೇಕೆಂಬ ಆಸೆಯು ತಮಗೆ ಬಾಲ್ಯದಲ್ಲಿ ಇದ್ದಿತೆಂದು ಅವರು ಹೇಳಿಕೊಂಡಿದ್ದಾರೆ. ಓಟದ ಹಂಬಲವು ಎಲ್ಲ ಮಕ್ಕಳಲ್ಲಿಯೂ ಹುಟ್ಟುವುದು ಇಂಥ ಸಣ್ಣ ಆಸೆಯಿಂದಲೇ ಅಲ್ಲವೆ?

ಬೆಂಗಳೂರಿಗೆ ಮರಳಿ ಮಹಾರಾಣಿ ಕಾಲೇಜಿನಲ್ಲಿ ಓದಿದರು. ನಮ್ಮ ಕರಾವಳಿಯ ಜನರೇ ಕಟ್ಟಿದ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನವಾದ ಸಿಂಡಿಕೇಟ್ ಬ್ಯಾಂಕಿನಲ್ಲಿ ಉದ್ಯೋಗ ದೊರೆಯಿತು. ಗಾಲಿಕುರ್ಚಿಯ ಓಟದಲ್ಲಿಯೂ, ಗುಂಡು, ಚಕ್ರ, ಭರ್ಜಿಗಳ ಎಸೆತದಲ್ಲಿಯೂ ಅವರು ಪಳಗಿದರು. 1989ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ವರ್ಲ್ಡ್ ಮಾಸ್ಟರ್ಸ್ ಕೂಟದಲ್ಲಿ 200 ಮೀಟರ್ ಓಟ, ಮೂರು ಬಗೆಯ ಎಸೆತ, ಈ ನಾಲ್ಕರಲ್ಲಿಯೂ ಚಿನ್ನವು ಅವರದಾಯಿತು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ದೇಶವಿದೇಶಗಳಲ್ಲಿ ಗೆದ್ದ ಪದಕಗಳ ಸಂಖ್ಯೆಯು 300ನ್ನು ಮೀರಿದೆ. ಮಿತ್ರರೊಡನೆ ಕೂಡಿ ಅವರು ಕಟ್ಟಿದ ಮಾತೃ ಫೌಂಡೇಶನ್ ಅಂಗವಿಕಲ ಮಕ್ಕಳಿಗೆ ಆಸರೆಯಾಯಿತು. ಇಷ್ಟನ್ನು ಹೇಳಿ, ಶಾಲು ಹೊದೆಸಿ, ಹಾರ ಹಾಕಿ, ಸ್ಫೂರ್ತಿಯ ಚಿಲುಮೆಯೆಂದು ಹೊಗಳಿ ಸಭೆಯನ್ನು ಮುಗಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸಭೆಯು ಮುಗಿದ ಮೇಲೆ ಸನ್ಮಾನಿತರು ಆ ವೇದಿಕೆಯ ಮೆಟ್ಟಿಲನ್ನು ಇಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಕೇಳುವವರು ಬಹಳ ಅಪೂರ್ವ.

ಇಲ್ಲಿ ಆ ಓಟದ ಸ್ವರೂಪವನ್ನು ಕೊಂಚ ವಿವರಿಸಬೇಕು. ಆಸ್ಪತ್ರೆಯ ಗಾಲಿಕುರ್ಚಿಯನ್ನಷ್ಟೇ ಕಂಡವರಿಗೆ ಓಟದ ಕುರ್ಚಿಯು ಕುರ್ಚಿಯೆಂದೇ ತೋರಲಾರದು. ಅದಕ್ಕೆ ಗಾಲಿಗಳು ಮೂರು. ಮುಂದೆ ಉದ್ದವಾಗಿ ಚಾಚಿದ ದಂಡದ ತುದಿಯಲ್ಲಿ ಚಿಕ್ಕದೊಂದು, ಹಿಂದೆ ಎರಡು ದೊಡ್ಡವು. ಹಿಂದಿನ ಗಾಲಿಗಳು ನೆಟ್ಟಗೆ ನಿಂತಿರುವುದಿಲ್ಲ, ಮೇಲ್ಭಾಗವು ಒಳಕ್ಕೂ ತಳವು ಹೊರಕ್ಕೂ ವಾಲಿರುತ್ತದೆ, ತಿರುವಿನಲ್ಲಿ ಮಗುಚದಿರಲೆಂದು. ಒಟ್ಟು ತೂಕವು ಹತ್ತು ಕಿಲೋಗ್ರಾಮಿನ ಆಸುಪಾಸು. ಓಟಗಾರನು ಮೊಣಕಾಲನ್ನು ಮಡಿಸಿ, ಎದೆಯನ್ನು ತೊಡೆಗೆ ತಾಗಿಸಿಕೊಂಡಂತೆ ಮುಂದಕ್ಕೆ ಬಾಗಿ ಕುಳಿತಿರುತ್ತಾನೆ. ಅವನು ಗಾಲಿಯನ್ನು ಹಿಡಿದು ತಳ್ಳುವುದಿಲ್ಲ. ಗಟ್ಟಿಯಾದ ಕೈಗವಸನ್ನು ತೊಟ್ಟ ಮುಷ್ಟಿಯಿಂದ ಗಾಲಿಯ ಪಕ್ಕದಲ್ಲಿ ಬಿಗಿದ ಚಿಕ್ಕ ಬಳೆಯನ್ನು ಹೊಡೆದು ಹೊಡೆದು ಕೆಳಕ್ಕೆ ಒತ್ತುತ್ತಾನೆ. ಮುಂದಿನ ಸೀಟಿನಲ್ಲಿ ಚಾಲಕನಿಲ್ಲದ ಈ ವಾಹನವು ಓಟದ ಅಂಕಣದ ತಿರುವಿಗೆ ಬಂದಾಗ ಒಂದು ಸಣ್ಣ ಸನ್ನೆಕೋಲನ್ನು ತಟ್ಟಿದರೆ ಮುಂದಿನ ಗಾಲಿಯು ತಾನಾಗಿ ಬೇಕಾದಷ್ಟು ಓರೆಯಾಗುತ್ತದೆ. ಉತ್ತಮ ಸ್ಪರ್ಧಾಳುಗಳ ವೇಗವು ಗಂಟೆಗೆ 30 ಕಿಲೋಮೀಟರನ್ನು ದಾಟುವುದುಂಟು. ಸ್ವಿಟ್ಸರ್ಲೆಂಡಿನ ಮಾರ್ಸೆಲ್ ಹುಗ್ ಎಂಬಾತನು 2021ರಲ್ಲಿ ಜಪಾನಿನ ಓಯಿಟ ಪಟ್ಟಣದಲ್ಲಿ ಇಡೀ ಮ್ಯಾರಥಾನ್ ದೂರವನ್ನು, ಎಂದರೆ 42 ಕಿಲೋಮೀಟರಿಗೂ ಮಿಕ್ಕಿದ ಹಾದಿಯನ್ನು, 1 ಗಂಟೆ 17 ನಿಮಿಷ 47 ಸೆಕೆಂಡುಗಳಲ್ಲಿ ಮುಗಿಸಿದನು. ಕಾಲಿನಲ್ಲಿ ಓಡುವ ಮಾನವರಲ್ಲಿ ಯಾರೂ ಆ ಹೊತ್ತಿಗೆ ಹತ್ತಿರ ಸುಳಿದಿಲ್ಲ.

ಈ ಕ್ರೀಡೆಯು ಇಲ್ಲಿಗೆ ಬಂದು ಮುಟ್ಟಿದ್ದು ಒಂದೇ ದಿನದಲ್ಲಲ್ಲ. ನಾಜಿಗಳ ಕಾಟದಿಂದ ಜರ್ಮನಿಯನ್ನು ಬಿಟ್ಟು 1939ರಲ್ಲಿ ಇಂಗ್ಲೆಂಡನ್ನು ಸೇರಿದ ಲುಡ್ವಿಗ್ ಗುಟ್ಮನ್ ಎಂಬ ಯಹೂದಿ ವೈದ್ಯರು ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಮುರಿದ ಸೈನಿಕರಿಗಾಗಿ ಪ್ರತ್ಯೇಕ ವಿಭಾಗವನ್ನು 1944ರಲ್ಲಿ ತೆರೆದರು. ಅಂಥ ರೋಗಿಗಳು ಹೆಚ್ಚು ಕಾಲ ಬದುಕುವುದಿಲ್ಲವೆಂದು ಆಗಿನ ವೈದ್ಯಲೋಕವು ಕೈಬಿಟ್ಟಿತ್ತು. ಗುಟ್ಮನ್ನರು ಅವರನ್ನು ಹಾಸಿಗೆಯಿಂದ ಎಬ್ಬಿಸಿ ಆಟಕ್ಕೆ ಹಚ್ಚಿದರು. 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಕೂಟವು ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಬಿಲ್ವಿದ್ಯೆಯ ಸ್ಪರ್ಧೆಯನ್ನು ನಡೆಯಿಸಿದರು. ಪ್ಯಾರಾಲಿಂಪಿಕ್ಕಿನ ಮೂಲವು ಅದೇ. ಗಾಲಿಕುರ್ಚಿಯ ಓಟವು ಅದರೊಳಗೆ ಸೇರಿದ್ದು 1964ರ ಟೋಕಿಯೋದಲ್ಲಿ, ಅದೂ 60 ಮೀಟರಿನ ಮಟ್ಟಿಗೆ.

ದೂರವನ್ನು ಗೆದ್ದುಕೊಟ್ಟವನು ಅಮೆರಿಕದ ಬಾಬ್ ಹಾಲ್. 1975ರಲ್ಲಿ ಬಾಸ್ಟನ್ ಮ್ಯಾರಥಾನಿಗೆ ಗಾಲಿಕುರ್ಚಿಯಲ್ಲಿ ಬರುತ್ತೇನೆಂದು ಆತನು ಕೇಳಿದಾಗ, ಮೂರೂವರೆ ಗಂಟೆಯೊಳಗೆ ಮುಗಿಸಿದರೆ ಪ್ರಮಾಣಪತ್ರವನ್ನು ಕೊಡುತ್ತೇವೆಂದು ವ್ಯವಸ್ಥಾಪಕರು ಷರತ್ತನ್ನು ಹಾಕಿದರು. ಆತನು 2 ಗಂಟೆ 58 ನಿಮಿಷದಲ್ಲಿ ಬಂದು ನಿಂತನು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಕಿನಲ್ಲಿ ಪುರುಷರಿಗೆ 1500 ಮೀಟರ್, ಮಹಿಳೆಯರಿಗೆ 800 ಮೀಟರ್ ಗಾಲಿಕುರ್ಚಿಯ ಓಟಗಳನ್ನು ಪ್ರದರ್ಶನ ಪಂದ್ಯಗಳಾಗಿ ಇರಿಸಿದರು.

ಆ 800 ಮೀಟರನ್ನು ಗೆದ್ದ ಶರಾನ್ ಹೆಡ್ರಿಕ್ ಎಂಬಾಕೆಯು ಓದಿದ್ದು ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ. ಬಾಸ್ಟನ್ನಿನಲ್ಲಿ ಎಂಟು ಸಲ ಗೆದ್ದ ಜೀನ್ ಡ್ರಿಸ್ಕಾಲ್ ಓದಿದ್ದೂ ಅಲ್ಲಿಯೇ. 2013ರ ಒಂದೇ ವರ್ಷದಲ್ಲಿ ಬಾಸ್ಟನ್, ಲಂಡನ್, ಷಿಕಾಗೊ, ನ್ಯೂಯಾರ್ಕ್ ನಾಲ್ಕನ್ನೂ ಗೆದ್ದ ಟಟ್ಯಾನಾ ಮ್ಯಾಕ್‌ಫಾಡನ್ ಕೂಡ ಅಲ್ಲಿಯವಳೇ. ಲೆನಿನ್‌ಗ್ರಾಡಿನಲ್ಲಿ ಹುಟ್ಟಿದ ಈಕೆಯು ಅನಾಥಾಲಯದಲ್ಲಿ ಗಾಲಿಕುರ್ಚಿಯಿಲ್ಲದೆ ಕೈಗಳ ಮೇಲೆಯೇ ನಡೆದು ಬೆಳೆದವಳು. ಒಂದೇ ವಿಶ್ವವಿದ್ಯಾನಿಲಯದಿಂದ ಇಷ್ಟು ಮಂದಿ ಹೇಗೆ ಬಂದರು? ಅಲ್ಲಿಯ ನೀರಿನ ಗುಣವೆಂದು ನಾವು ನಂಬುವುದಿಲ್ಲ. 1948ರಲ್ಲಿ ಟಿಮ್ ನ್ಯೂಜೆಂಟ್ ಎಂಬವರು ಯುದ್ಧದಲ್ಲಿ ಊನಗೊಂಡ ವಿದ್ಯಾರ್ಥಿಗಳಿಗಾಗಿ ಅಲ್ಲಿ ಏರ್ಪಾಡನ್ನು ಆರಂಭಿಸಿದಾಗ ಮೊದಲು ಮಾಡಿದ್ದು ಓಟದ ಶಿಬಿರವನ್ನಲ್ಲ. ಕಟ್ಟಡಗಳಿಗೆ ಇಳಿಜಾರುಗಳನ್ನು ಹಾಕಿಸಿದರು. ಕಾಲುದಾರಿಯ ಅಂಚನ್ನು ರಸ್ತೆಗೆ ಸಮವಾಗಿ ಇಳಿಸಿದರು. ಗಾಲಿಕುರ್ಚಿಯನ್ನು ಎತ್ತಿಕೊಳ್ಳುವ ಯಂತ್ರವಿದ್ದ ಬಸ್ಸುಗಳನ್ನು ಓಡಿಸಿದರು. ತರಗತಿಗೂ ಊಟದ ಮನೆಗೂ ದಿನಕ್ಕೆ ನಾಲ್ಕಾರು ಸಲ ತಾನೇ ತಳ್ಳಿಕೊಂಡು ಹೋಗಬಲ್ಲ ವಿದ್ಯಾರ್ಥಿಗೆ ತೋಳು ಬಲಿಯುತ್ತದೆ, ಗಾಳಿ ತಾಗುತ್ತದೆ, ಸರೀಕನೊಡನೆ ಪಂಥ ಹೂಡುವ ಮನಸ್ಸಾಗುತ್ತದೆ. ಆಟವು ಆಮೇಲೆ ಬಂದಿತು, ತಾನಾಗಿ ಬಂದಿತು. ಪದಕಗಳು ಅದರ ಹಿಂದೆ.

ಈಗ ನಮ್ಮ ದೇಶದ ಕಡೆಗೆ ದೃಷ್ಟಿಯನ್ನು ತಿರುಗಿಸೋಣ. ಪ್ಯಾರಾಲಿಂಪಿಕ್ಕಿನಲ್ಲಿ ಭಾರತವು ಹಿಂದೆ ಬಿದ್ದಿದೆ ಎಂದರೆ ಅದು ಸತ್ಯವಾಗದು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಯೋಧ ಮುರಳೀಕಾಂತ ಪೇಟ್ಕರರು 1972ರಲ್ಲಿ ಹೈಡಲ್‌ಬರ್ಗಿನ ಈಜಿನಲ್ಲಿ ದೇಶಕ್ಕೆ ಮೊದಲ ಚಿನ್ನವನ್ನು ತಂದರು. 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ 19, 2024ರ ಪ್ಯಾರಿಸ್ಸಿನಲ್ಲಿ 29 ಪದಕಗಳು ಬಂದವು. ಕನ್ನಡಿಗರ ಪಾಲೂ ಕಡಮೆಯದಲ್ಲ. 2012ರ ಲಂಡನ್ ಕೂಟದಲ್ಲಿ ದೇಶಕ್ಕೆ ದಕ್ಕಿದ ಏಕಮಾತ್ರ ಪದಕವನ್ನು, ಎತ್ತರ ಜಿಗಿತದ ಬೆಳ್ಳಿಯನ್ನು, ತಂದವರು ಹಾಸನ ಜಿಲ್ಲೆಯ ಗಿರೀಶರು. ಬ್ಯಾಡ್ಮಿಂಟನ್ನಿನಲ್ಲಿ ಎರಡು ಸಲ ಬೆಳ್ಳಿಯನ್ನು ಗೆದ್ದ ಸುಹಾಸ್ ಯತಿರಾಜರೂ ನಮ್ಮವರೇ. ಎಲ್ಲವೂ ಸಂತೋಷದ ವಾರ್ತೆ. ಆದರೆ ಈ ಪಟ್ಟಿಯನ್ನು ಮೇಲಿಂದ ಕೆಳಗೆ ಎಷ್ಟು ಸಲ ಓದಿದರೂ ಗಾಲಿಕುರ್ಚಿಯ ಓಟದಲ್ಲಿ ಬಂದ ಪದಕವು ಒಂದೂ ಸಿಕ್ಕುವುದಿಲ್ಲ. ಪ್ಯಾರಿಸ್ಸಿನಲ್ಲಿ ಓಟದ ಅಂಕಣದ ಮೇಲೆ ಭಾರತಕ್ಕೆ ಪದಕಗಳು ಬಂದವು. ಎಲ್ಲವೂ ಕಾಲಿನಲ್ಲಿ ಓಡಿದವರಿಂದ. ಮಾಲತಿ ಹೊಳ್ಳರು ಸೋಲ್‌ಗೆ ಹೋಗಿ ಮೂರೂವರೆ ದಶಕಗಳು ಸಂದಿವೆ.

ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಭರ್ಜಿಯನ್ನು ಊರ ಹೊರಗಿನ ಬಯಲಿನಲ್ಲಿ ಎಸೆದು ಕಲಿಯಬಹುದು. ಎತ್ತರ ಜಿಗಿತವನ್ನು ಮರಳಗುಂಡಿಯಲ್ಲಿ ಆರಂಭಿಸಬಹುದು. ಬಡವನ ಮಗನಿಗೂ ಅದು ಸಾಧ್ಯ. ಗಾಲಿಕುರ್ಚಿಯ ಓಟವು ಹಾಗಲ್ಲ. ಓಟದ ಕುರ್ಚಿಯ ಬೆಲೆಯು ಲಕ್ಷಗಳ ಲೆಕ್ಕದ್ದು, ಹೊರದೇಶದಿಂದ ತರಿಸತಕ್ಕದ್ದು. ಅದನ್ನು ಓಟಗಾರನ ಮೈಯಳತೆಗೆ ಅಂಗಿಯನ್ನು ಹೊಲಿದಂತೆ ಮಾಡಿಸಬೇಕು. ಬೆಳೆಯುವ ಮಗುವಿಗೆ ಎರಡು ಮೂರು ವರ್ಷದಲ್ಲಿ ಅದು ಹಿಡಿಯದಾಗುತ್ತದೆ. ಸರಿಯಾದ ಅಂಕಣವು ಬೇಕು. ಅಂಕಣಕ್ಕೆ ಹೋಗುವ ದಾರಿಯು ಬೇಕು. ಎಲ್ಲಕ್ಕೂ ಮೊದಲು ಮನೆಯ ಹೊಸ್ತಿಲನ್ನು ದಾಟಲು ಬರಬೇಕು. ಎದೆಗಾರಿಕೆಯೊಂದರಿಂದ ಗೆಲ್ಲಲಾಗದ ಆಟವಿದು. ಆದುದರಿಂದಲೇ ಒಂದು ನಾಡು ತನ್ನ ಗಾಲಿಕುರ್ಚಿಯ ಮಕ್ಕಳಿಗೆ ಏನನ್ನು ಒದಗಿಸಿದೆಯೆಂಬುದು ಈ ಓಟದಲ್ಲಿ ಬೆಳಕಿಗೆ ಬರುವಷ್ಟು ಬೇರಾವುದರಲ್ಲಿಯೂ ಬರುವುದಿಲ್ಲ.

ಬೆಂಗಳೂರಿನ ಬೀದಿಯನ್ನೇ ನೋಡಿರಿ. 2011ರಿಂದ ಓಡುತ್ತಿರುವ ಮೆಟ್ರೋ ರೈಲಿನ ನಿಲ್ದಾಣಗಳಲ್ಲಿ ಲಿಫ್ಟುಗಳಿವೆ. ಅದನ್ನು ಮೆಚ್ಚಿಯೇ ಹೇಳುತ್ತೇವೆ. ಆದರೆ ನಿಲ್ದಾಣದಿಂದ ಹೊರಬಿದ್ದ ಗಾಲಿಕುರ್ಚಿಯು ಮುಂದೆ ಎಲ್ಲಿಗೆ ಹೋಗಬೇಕು? ಕಾಲುದಾರಿಯ ಚಪ್ಪಡಿಯು ಒಂದು ಕಡೆ ಎದ್ದಿದೆ, ಇನ್ನೊಂದು ಕಡೆ ಕುಸಿದಿದೆ. ಸ್ಕೂಟರುಗಳು ನುಗ್ಗದಿರಲೆಂದು ನೆಟ್ಟ ಕಬ್ಬಿಣದ ಗೂಟಗಳು ಸ್ಕೂಟರನ್ನು ತಡೆದಾವೋ ಇಲ್ಲವೋ, ಗಾಲಿಕುರ್ಚಿಯನ್ನಂತೂ ತಡೆಯುತ್ತವೆ. ಜಿಲ್ಲೆ ತಾಲ್ಲೂಕುಗಳ ಮಾತನ್ನು ಎತ್ತುವುದೇ ಬೇಡ. ಎತ್ತರದ ಮೆಟ್ಟಿಲಿನ ಬಸ್ಸಿಗೆ ಮಗನನ್ನು ಹೊತ್ತು ಹತ್ತಿಸುವ ತಾಯಂದಿರನ್ನು ಯಾವ ಬಸ್ ನಿಲ್ದಾಣದಲ್ಲಿಯೂ ಕಾಣಬಹುದು. 2011ರ ಜನಗಣತಿಯು ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಎಣಿಸಿತು. ಅವರಲ್ಲಿ ಎಷ್ಟು ಮಂದಿಯನ್ನು ವಾಚಕರು ತಮ್ಮ ಬೀದಿಯಲ್ಲಿ ಕಂಡಿದ್ದೀರಿ?

ಹೆಸರನ್ನು ಬದಲಾಯಿಸುವುದರಲ್ಲಿ ಮಾತ್ರ ನಾವು ಹಿಂದೆ ಬಿದ್ದಿಲ್ಲ. ಕುಂಟರೆಂಬುದು ಅಂಗವಿಕಲರೆಂದಾಯಿತು, ವಿಕಲಚೇತನರೆಂದಾಯಿತು, 2015ರ ಕೊನೆಗೆ ದೆಹಲಿಯಿಂದ ದಿವ್ಯಾಂಗರೆಂಬ ಮಾತು ಹೊರಟಿತು. ಪಾಠಶಾಲೆಯಲ್ಲಿ ಕಲಿತ ಅಲ್ಪ ಸಂಸ್ಕೃತದಿಂದ ನೋಡಿದರೆ ಶಬ್ದವು ರಮ್ಯವಾಗಿಯೇ ಇದೆ. ಮೆಟ್ಟಿಲು ಮಾತ್ರ ಮೆಟ್ಟಿಲಾಗಿಯೇ ಉಳಿದಿದೆ.

ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಹೊರಟ ಐದು ವರ್ಷದೊಳಗೆ ಎಲ್ಲರಿಗೂ ಪ್ರವೇಶಯೋಗ್ಯವಾಗಿ ಮಾಡಬೇಕೆಂದು ವಿಧಿಸಿತು. ನಿಯಮಗಳು 2017ರ ಜೂನಿನಲ್ಲಿ ಹೊರಟವು. ಆ ಅವಧಿಯು 2022ರಲ್ಲಿಯೇ ತೀರಿತು. ಅದೇ ಅಧಿನಿಯಮದ 30ನೆಯ ಪ್ರಕರಣವು ಕ್ರೀಡೆಯ ಹಕ್ಕನ್ನೂ, ಕ್ರೀಡಾಸೌಕರ್ಯಗಳನ್ನು ಮಾರ್ಪಡಿಸುವ ಹೊಣೆಯನ್ನೂ ಸರಕಾರದ ಮೇಲೆ ಹೊರಿಸಿದೆ. ಪ್ರವೇಶಸೌಕರ್ಯದ ಮಾನದಂಡಗಳು ಕೇವಲ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ತೀರ್ಪಿತ್ತಿತು. ಕ್ರೀಡಾಡಳಿತದ ಚರಿತ್ರೆಯೋ ಇನ್ನೂ ವಿಷಾದಕರವಾದುದು. 2015ರಲ್ಲಿ ಗಾಜಿಯಾಬಾದಿನಲ್ಲಿ ನಡೆದ ರಾಷ್ಟ್ರೀಯ ಕೂಟದ ದುರವಸ್ಥೆಯು ಬಯಲಾದ ಮೇಲೆ ಅಂತರರಾಷ್ಟ್ರೀಯ ಸಂಸ್ಥೆಯು ಭಾರತದ ಪ್ಯಾರಾಲಿಂಪಿಕ್ ಸಮಿತಿಯನ್ನೇ ಅಮಾನತಿನಲ್ಲಿ ಇರಿಸಿತು. ಅದು ತೆರವಾಗಲು 2016 ಬರಬೇಕಾಯಿತು.

ಪರದೇಶಗಳಲ್ಲಿ ಎಲ್ಲವೂ ಸ್ವರ್ಗವೆಂದು ನಾವು ಹೇಳುತ್ತಿಲ್ಲ. ಆರಂಭದಲ್ಲಿ ಹೆಸರಿಸಿದ ಟ್ಯಾನಿ ಗ್ರೇಯವರು ವಿವಾಹಾನಂತರ ಟ್ಯಾನಿ ಗ್ರೇ-ಥಾಂಪ್ಸನ್ ಆಗಿ, 2010ರಿಂದ ಬ್ರಿಟನ್ನಿನ ಮೇಲ್ಮನೆಯ ಸದಸ್ಯೆಯಾಗಿದ್ದಾರೆ. 2024ರ ಆಗಸ್ಟಿನಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ರೈಲು ನಿಂತ ಮೇಲೆ ಅವರನ್ನು ಇಳಿಸಲು ಯಾರೂ ಬರಲಿಲ್ಲ. 11 ಚಿನ್ನವನ್ನು ಗೆದ್ದ ಆ ಮಹಿಳೆಯು ಬೋಗಿಯಿಂದ ತೆವಳಿಕೊಂಡು ಇಳಿದರು. ಭೇದವೇನೆಂದರೆ, ಅಲ್ಲಿ ಅದು ಮರುದಿನ ದೇಶಕ್ಕೆಲ್ಲ ನಾಚಿಕೆಯ ಸುದ್ದಿಯಾಯಿತು; ಕಂಪನಿಯು ಕ್ಷಮೆಯನ್ನು ಕೇಳಿತು. ನಮ್ಮಲ್ಲಿ ಹಾಗೆ ತೆವಳುವವರನ್ನು ಸುದ್ದಿಯೆಂದು ಯಾರೂ ಎಣಿಸುವುದಿಲ್ಲ.

ಆಗಬೇಕಾದ ಕಾರ್ಯವು ಅಸಾಧ್ಯವಾದುದಲ್ಲ. ಬೆಂಗಳೂರಿನ ಕಂಠೀರವ, ಮಂಗಳೂರಿನ ಮಂಗಳಾ, ಉಡುಪಿಯ ಅಜ್ಜರಕಾಡು ಮೊದಲಾದ ಕ್ರೀಡಾಂಗಣಗಳಲ್ಲಿ ಕೃತಕ ಅಂಕಣಗಳು ಸಿದ್ಧವಾಗಿವೆ. ಅಂಥ ಪ್ರತಿಯೊಂದರಲ್ಲಿಯೂ ಚಿಕ್ಕದು ದೊಡ್ಡದು ಬೇರೆ ಬೇರೆ ಅಳತೆಯ ಆರೋ ಎಂಟೋ ಓಟದ ಕುರ್ಚಿಗಳನ್ನು ಸರಕಾರವು ಇರಿಸಲಿ. ಗರಡಿಯಲ್ಲಿ ಗದೆಯು ಎಲ್ಲರಿಗೂ ಸೇರಿದ್ದಾಗಿರುವಂತೆ ಅವು ಬಂದ ಮಕ್ಕಳಿಗೆಲ್ಲ ಸೇರಿರಲಿ. ಒಬ್ಬನಿಗೆ ಹಿಡಿಯದಾದುದು ಇನ್ನೊಬ್ಬನಿಗೆ ಆಗಲಿ. ಅಂಕಣದ ಬಾಗಿಲು, ಬಟ್ಟೆ ಬದಲಾಯಿಸುವ ಕೋಣೆ, ಶೌಚಗೃಹ ಇವು ಮೂರಕ್ಕೆ ಗಾಲಿಕುರ್ಚಿಯು ತಾನಾಗಿ ಹೋಗುವಂತಿರಲಿ. ಶೌಚಗೃಹವನ್ನು ಇಲ್ಲಿ ಬೇಕೆಂದೇ ಹೆಸರಿಸಿದ್ದೇವೆ. ಅದಿಲ್ಲದ ಕಡೆಗೆ ಹೆಣ್ಣುಮಕ್ಕಳನ್ನು ತಾಯಿತಂದೆಗಳು ಕಳುಹಿಸುವುದಿಲ್ಲ.

ಕುರ್ಚಿಯನ್ನು ಎಂದೆಂದಿಗೂ ಹೊರಗಿನಿಂದಲೇ ತರಿಸಬೇಕೆಂಬ ವಿಧಿಯೂ ಇಲ್ಲ. ಮಾರ್ಸೆಲ್ ಹುಗ್ ಏರಿದ ಕುರ್ಚಿಯ ಆಕಾರವನ್ನು ತಿದ್ದಲು ಸ್ವಿಟ್ಸರ್ಲೆಂಡಿನವರು ಮೋಟಾರು ಪಂದ್ಯಗಳಿಗೆ ಹೆಸರಾದ ಸೌಬರ್ ಕಂಪನಿಯ ನೆರವನ್ನು ಪಡೆದರು. ಗಾಳಿಯ ಸುರಂಗಗಳು ನಮ್ಮ ಬೆಂಗಳೂರಿನಲ್ಲಿಯೂ ಇವೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮದರಾಸಿನ ಐಐಟಿಯಿಂದ ಬಳಕೆದಾರನ ಮೈಯಳತೆಗೆ ಹೊಂದಿಸಬಲ್ಲ ದಿನಬಳಕೆಯ ಗಾಲಿಕುರ್ಚಿಯೊಂದು ಈಗಾಗಲೇ ಹೊರಬಂದಿದೆ. ವಿಮಾನವನ್ನು ಕಟ್ಟುವ ಊರಿಗೆ, ಪೀಣ್ಯದಲ್ಲಿ ಸಾವಿರ ಬಗೆಯ ಯಂತ್ರಭಾಗಗಳನ್ನು ಕಡೆಯುವ ಊರಿಗೆ, ಮೂರು ಗಾಲಿಯ ಒಂದು ಬಂಡಿಯು ಅಳವಲ್ಲವೆಂದರೆ ಯಾರು ನಂಬಿಯಾರು?

ಮಾಲತಿ ಹೊಳ್ಳರನ್ನು ನೆಲಕ್ಕೆ ಕೆಡಹಿದ ಬಗೆಯ ಬಾಲ್ಯದ ರೋಗಗಳಲ್ಲಿ ಪೋಲಿಯೋ ಎಂಬುದು 2011ರ ಆಚೆಗೆ ನಮ್ಮ ದೇಶದಲ್ಲಿ ತಲೆಯೆತ್ತಿಲ್ಲ; 2014ರಲ್ಲಿ ಭಾರತವು ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಆದರೆ ಹೆದ್ದಾರಿಗಳಲ್ಲಿ, ಕಟ್ಟಡದ ಅಟ್ಟಣೆಗಳಿಂದ ಬಿದ್ದು, ತೆಂಗು ಅಡಕೆಗಳ ಮರದಿಂದ ಜಾರಿ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿಯುವ ತರುಣರು ಜಿಲ್ಲೆ ಜಿಲ್ಲೆಯಲ್ಲಿಯೂ ಇದ್ದಾರೆ. ಮುಂದಿನ ಪ್ಯಾರಾಲಿಂಪಿಕ್ ಕೂಟವು 2028ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ. ಅಷ್ಟರೊಳಗೆ ಪದಕವನ್ನು ಗೆಲ್ಲಬಲ್ಲ ಓಟಗಾರನು ನಮ್ಮಲ್ಲಿ ತಯಾರಾಗುವನೆಂದು ಭರವಸೆಯನ್ನು ಕೊಡಲು ನಾವು ಸಿದ್ಧರಿಲ್ಲ. ಅಂಥವನನ್ನು ಸಿದ್ಧಪಡಿಸಲು ಹತ್ತು ವರ್ಷವಾದರೂ ಬೇಕು. ಕುರ್ಚಿಗಳನ್ನು ಕೊಳ್ಳಲು ಮಾತ್ರ ಅಷ್ಟು ಕಾಲವು ಬೇಕಾಗಿಲ್ಲ. ರಾಜ್ಯದ ಬರುವ ಆಯವ್ಯಯದಲ್ಲಿ ಕ್ರೀಡಾ ಇಲಾಖೆಯ ಲೆಕ್ಕದ ಕೆಳಗೆ ಅದಕ್ಕೊಂದು ಬಾಬು ಬೀಳುತ್ತದೆಯೋ ಇಲ್ಲವೋ ಎಂಬುದನ್ನು ಕಾದು ನೋಡುತ್ತೇವೆ. ಬಿದ್ದರೆ ಮೊತ್ತದೊಡನೆ, ಬೀಳದಿದ್ದರೆ ಹೊಣೆಗಾರರ ಹೆಸರಿನೊಡನೆ, ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.